ಪ್ರಯೋಗವೂ ಉಪಸಂಹಾರವೂ

ಊರಿನಲ್ಲಿ ಡಂಗುರ ಸಾರುತ್ತಿದ್ದ ತಳವಾರನಿಗೆ ತನ್ನ ಮಾತು ಯಾರನ್ನು ಮುಟ್ಟುತ್ತದೆಂಬುದು ಕಣ್ಣಿಗೆ ಕಾಣುತ್ತಿತ್ತು. ತಮಟೆಯ ಸದ್ದಿಗೆ ಬಾಗಿಲು ತೆರೆದು ಹೊರಗೆ ಬಂದವರ ಮುಖದಲ್ಲಿ ಭಯ ಹುಟ್ಟಿತೋ ಬೇಸರ ಹುಟ್ಟಿತೋ ಎಂಬುದನ್ನು ಅವನು ಅಲ್ಲಿಯೇ ನಿಂತು ನೋಡುತ್ತಿದ್ದನು. ಸಾರಿದ ಮಾತು ತಪ್ಪಾಗಿದ್ದ ಪಕ್ಷದಲ್ಲಿ, ಅದೇ ತಮಟೆಯನ್ನು ಹಿಡಿದು ಅದೇ ಬೀದಿಗಳಲ್ಲಿ ತಿದ್ದಿ ಸಾರಬೇಕಾದವನೂ ಅವನೇ ಆಗಿದ್ದನು. ಹೀಗೆ ಮಾತನ್ನು ಹೊರಡಿಸುವ ಅಧಿಕಾರವೂ ಅದರ ಫಲವನ್ನು ಕಾಣುವ ಹೊಣೆಯೂ ಒಬ್ಬನಲ್ಲಿಯೇ ಕೂಡಿದ್ದವು.

ಇಂದು ಸಾರುವವನು ಬೀದಿಗೆ ಇಳಿಯುವುದಿಲ್ಲ. 2009ರಲ್ಲಿ ಆಪಲ್ ಕಂಪನಿಯೂ 2010ರಲ್ಲಿ ಗೂಗಲ್ ಕಂಪನಿಯೂ ತಂತಮ್ಮ ಫೋನುಗಳಿಗೆ ಪುಷ್ ನೋಟಿಫಿಕೇಶನ್ ಎಂಬ ಸೌಕರ್ಯವನ್ನು ತೆರೆದ ಬಳಿಕ, ವ್ಯಾಪಾರಿಯಾಗಲಿ ಬ್ಯಾಂಕಾಗಲಿ ಪತ್ರಿಕೆಯಾಗಲಿ ತನ್ನ ಆ್ಯಪನ್ನು ಇಟ್ಟುಕೊಂಡವರೆಲ್ಲರನ್ನೂ ಒಂದೇ ಕ್ಷಣದಲ್ಲಿ ಕೂಗಿ ಕರೆಯುವಂತಾಯಿತು. ಆ್ಯಪು ಇರುವ ಪ್ರತಿಯೊಂದು ಫೋನಿಗೂ ಒಂದು ಗುಪ್ತ ವಿಳಾಸವುಂಟು. ಕಳುಹಿಸುವ ಸಂಸ್ಥೆಯು ಆ ವಿಳಾಸಗಳನ್ನು ಕೂಡಿಟ್ಟುಕೊಂಡು, ಸಂದೇಶವನ್ನು ಆಪಲ್ ಅಥವಾ ಗೂಗಲ್ ಕಂಪನಿಯ ಯಂತ್ರಗಳಿಗೆ ಒಪ್ಪಿಸುತ್ತದೆ. ಅವು ಅದನ್ನು ಫೋನುಗಳಿಗೆ ಮುಟ್ಟಿಸುತ್ತವೆ. ಈ ಸಂದೇಶಗಳನ್ನು ಹೊರಡಿಸುವ ನೌಕರನ ಎದುರಿಗೆ ಇರುವುದು ಅಡ್ಮಿನ್ ಪ್ಯಾನೆಲ್ ಎಂಬ ಒಂದು ಪರದೆ. ಬರೆಯುವುದಕ್ಕೆ ಒಂದು ಚೌಕ, ಯಾರಿಗೆಂದು ಆರಿಸುವುದಕ್ಕೆ ಒಂದು ಪಟ್ಟಿ, ಕೊನೆಗೆ ಒಂದು ಬಟನ್ ಇವಿಷ್ಟೇ ಅದರ ಸಲಕರಣೆ. ಈ ಪರದೆಯನ್ನು ರಚಿಸುವುದು ಬರಿಯ ಕೈಗೆಲಸವೋ, ಅಥವಾ ಧರ್ಮಾಧರ್ಮ ವಿವೇಚನೆಗೂ ಅಲ್ಲಿ ಎಡೆಯುಂಟೋ ಎಂಬುದು ಇಲ್ಲಿಯ ಪ್ರಶ್ನೆ.

ಈ ಪ್ರಶ್ನೆಯನ್ನು ಲೋಕವೇ ಕಾಣುವಂತೆ ಎತ್ತಿ ತೋರಿಸಿದ ಘಟನೆಯೊಂದು ಅಮೆರಿಕದ ಹವಾಯಿ ದ್ವೀಪಗಳಲ್ಲಿ ನಡೆಯಿತು. 2018ರ ಜನವರಿ 13ನೆಯ ಶನಿವಾರ ಬೆಳಿಗ್ಗೆ 8 ಗಂಟೆ 7 ನಿಮಿಷಕ್ಕೆ, ಕ್ಷಿಪಣಿಯು ಬರುತ್ತಿದೆ, ಒಡನೆಯೇ ಆಶ್ರಯವನ್ನು ಸೇರತಕ್ಕದ್ದು, ಇದು ಅಭ್ಯಾಸವಲ್ಲ ಎಂಬ ಅರ್ಥದ ಎಚ್ಚರಿಕೆಯು ಅಲ್ಲಿಯ ಫೋನುಗಳಲ್ಲಿ ಮೊಳಗಿತು. ಅದು ಆ್ಯಪಿನ ಮೂಲಕ ಬಂದುದಲ್ಲ, ಸರಕಾರದ ತುರ್ತು ಎಚ್ಚರಿಕೆಯ ವ್ಯವಸ್ಥೆಯ ಮೂಲಕ ಬಂದುದು. ಆದರೆ ಅದನ್ನು ಹೊರಡಿಸಿದುದೂ ಇಂತಹುದೇ ಒಂದು ಪರದೆ. ಸುಮಾರು 14 ಲಕ್ಷ ಜನರಿರುವ ಆ ರಾಜ್ಯದಲ್ಲಿ ತಾಯ್ತಂದೆಗಳು ಮಕ್ಕಳನ್ನು ಅಪ್ಪಿಕೊಂಡು ಸ್ನಾನದ ಮನೆಗಳಲ್ಲಿ ಅಡಗಿದರು. ದೂರದಲ್ಲಿದ್ದವರಿಗೆ ಕಡೆಯ ಮಾತೆಂದು ತಿಳಿದು ಸಂದೇಶಗಳನ್ನು ಬರೆದರು. ಕ್ಷಿಪಣಿಯು ಬರಲಿಲ್ಲ. ಎಚ್ಚರಿಕೆಯು ಸುಳ್ಳೆಂಬ ತಿದ್ದುಪಡಿಯು ಅದೇ ಫೋನುಗಳಿಗೆ ಬಂದದ್ದು 8 ಗಂಟೆ 45 ನಿಮಿಷಕ್ಕೆ, ಎಂದರೆ 38 ನಿಮಿಷಗಳ ತರುವಾಯ.

ನೌಕರನೊಬ್ಬನು ತಪ್ಪು ಗುಂಡಿಯನ್ನು ಒತ್ತಿದನೆಂದು ಮೊದಲು ಸುದ್ದಿಯಾಯಿತು. ಅಭ್ಯಾಸದ ಎಚ್ಚರಿಕೆಯೂ ನಿಜವಾದ ಎಚ್ಚರಿಕೆಯೂ ಒಂದೇ ಪಟ್ಟಿಯಲ್ಲಿ ಇದ್ದವು. ಕಳುಹಿಸುವುದು ಖಂಡಿತವೇ ಎಂದು ಪರದೆಯು ಕೇಳುತ್ತಿದ್ದುದೇನೋ ನಿಜ. ಆದರೆ ಅಭ್ಯಾಸಕ್ಕೂ ನಿಜಕ್ಕೂ ಅದು ಕೇಳುತ್ತಿದ್ದ ಪ್ರಶ್ನೆ ಒಂದೇ. ಪ್ರತಿ ಸಲವೂ ಹೌದೆಂದೇ ಉತ್ತರ ಪಡೆಯುವ ಪ್ರಶ್ನೆಯು ಕೆಲವು ದಿವಸಗಳಲ್ಲಿಯೇ ಪ್ರಶ್ನೆಯಾಗಿ ಉಳಿಯುವುದಿಲ್ಲ. ಅರ್ಥವನ್ನು ಮನಸ್ಸಿಗೆ ತಂದುಕೊಳ್ಳದೆ ಬಾಯಿಪಾಠದಿಂದ ಹೇಳುವ ಮಂತ್ರದಂತೆ, ಅಲ್ಲಿ ಬೆರಳು ನಡೆಯುತ್ತದೆಯೇ ಹೊರತು ಬುದ್ಧಿಯು ನಡೆಯುವುದಿಲ್ಲ.

ಆದರೆ ಅಮೆರಿಕದ ಸಂಪರ್ಕ ಆಯೋಗದ ವಿಚಾರಣೆಯಲ್ಲಿ ಸಂಗತಿಯು ಬೇರೆಯಾಗಿ ತೋರಿತು. ಆ ನೌಕರನು, ತನ್ನ ಹೇಳಿಕೆಯಂತೆ, ಕೈತಪ್ಪಿ ಒತ್ತಿದವನಲ್ಲ. ಅಭ್ಯಾಸಕ್ಕಾಗಿ ಕೇಳಿಸಿದ ಧ್ವನಿಮುದ್ರಿಕೆಯಲ್ಲಿ ಇದು ಅಭ್ಯಾಸ ಎಂಬ ಮಾತೂ ಇತ್ತು, ಇದು ಅಭ್ಯಾಸವಲ್ಲ ಎಂಬ ಮಾತೂ ಇತ್ತು. ಎರಡನೆಯದನ್ನು ಮಾತ್ರ ಕೇಳಿಸಿಕೊಂಡ ಅವನು ಅಪಾಯವು ನಿಜವೆಂದು ನಂಬಿಯೇ ಒತ್ತಿದನು. ಅವನನ್ನು ಕೆಲಸದಿಂದ ತೆಗೆದುಹಾಕಲಾಯಿತು. ಆ ಇಲಾಖೆಯ ಮುಖ್ಯಾಧಿಕಾರಿ ವರ್ನ್ ಮಿಯಾಗಿಯವರು ರಾಜೀನಾಮೆಯನ್ನಿತ್ತರು.

ಹಾಗಾದರೆ ಪರದೆಯದು ಏನೂ ತಪ್ಪಿಲ್ಲವಲ್ಲ, ತಪ್ಪೆಲ್ಲ ಮನುಷ್ಯನದೇ ಅಲ್ಲವೆ ಎಂದು ಕೆಲವರು ಕೇಳಬಹುದು. ಈ ವಾದವು ಮೇಲ್ನೋಟಕ್ಕೆ ನ್ಯಾಯವಾಗಿ ಕಂಡರೂ ವಿಚಾರಕ್ಕೆ ನಿಲ್ಲತಕ್ಕದ್ದಲ್ಲ. ಕೈಯ ಪ್ರಮಾದವೆಂಬುದು ಒಂದು, ಬುದ್ಧಿಯ ಭ್ರಮೆಯೆಂಬುದು ಇನ್ನೊಂದು. ಬಟನುಗಳನ್ನು ದೂರ ದೂರ ಇರಿಸಿ, ಬಣ್ಣವನ್ನು ಬೇರೆ ಮಾಡಿ ಮೊದಲನೆಯದನ್ನು ತಡೆಯಬಹುದು. ಎರಡನೆಯದನ್ನು ಅಂತಹ ಯಾವ ಉಪಾಯವೂ ತಡೆಯಲಾರದು; ಏಕೆಂದರೆ ಭ್ರಮೆಗೊಂಡವನು ತಾನು ಸರಿಯೆಂದೇ ತಿಳಿದಿರುತ್ತಾನೆ, ಖಂಡಿತವೇ ಎಂದು ನೂರು ಸಲ ಕೇಳಿದರೂ ನೂರು ಸಲ ಹೌದೆನ್ನುತ್ತಾನೆ. ಅಲ್ಲಿ ಬೇಕಾದದ್ದು ಎರಡನೆಯ ಪ್ರಶ್ನೆಯಲ್ಲ, ಎರಡನೆಯ ಮನುಷ್ಯ. ಹವಾಯಿಯಲ್ಲಿ ಒಬ್ಬನೇ ಎಚ್ಚರಿಕೆಯನ್ನು ಹೊರಡಿಸಕೂಡದು, ಇಬ್ಬರು ಒಪ್ಪತಕ್ಕದ್ದು ಎಂಬ ನಿಯಮವು ಆಮೇಲೆ ಬಂದಿತು. ಮನುಷ್ಯನು ತಪ್ಪುತ್ತಾನೆಂಬುದು ಪರದೆಯನ್ನು ರಚಿಸುವವನಿಗೆ ಮೊದಲೇ ಗೊತ್ತಿರುವ ಸಂಗತಿ. ಗೊತ್ತಿದ್ದೂ ತಪ್ಪದವನಿಗಾಗಿಯೇ ರಚಿಸುವುದು ಬಾವಿಗೆ ಕಟ್ಟೆಯನ್ನು ಕಟ್ಟದೆ ಬಿದ್ದವನ ಅಜಾಗರೂಕತೆಯನ್ನು ಬೈದಂತೆ.

ಇದಕ್ಕಿಂತಲೂ ದೊಡ್ಡ ಕೊರತೆಯೊಂದು ಆ 38 ನಿಮಿಷಗಳಲ್ಲಿ ಅಡಗಿದೆ. ಎಚ್ಚರಿಕೆಯು ಹೊರಟ ಆರು ನಿಮಿಷಗಳೊಳಗಾಗಿ, 8 ಗಂಟೆ 13 ನಿಮಿಷಕ್ಕೆ, ಅದನ್ನು ಮುಂದೆ ಪ್ರಸಾರ ಮಾಡದಂತೆ ನಿಲ್ಲಿಸಲಾಗಿತ್ತು. ಆದರೆ ನಿಲ್ಲಿಸುವುದು ಬೇರೆ, ಹಿಂದಕ್ಕೆ ತೆಗೆದುಕೊಳ್ಳುವುದು ಬೇರೆ. ಆಗಲೇ ಓದಿ ನಡುಗುತ್ತಿದ್ದವರಿಗೆ ಹೆದರಬೇಡಿರಿ ಎಂದು ಅದೇ ದಾರಿಯಲ್ಲಿ ಹೇಳಬಲ್ಲ ಮಾತನ್ನು ಯಾರೂ ಮೊದಲೇ ಸಿದ್ಧಪಡಿಸಿಟ್ಟಿರಲಿಲ್ಲ. ಮಹಾಭಾರತದ ಸೌಪ್ತಿಕ ಪರ್ವದಲ್ಲಿ ಇದಕ್ಕೆ ತಕ್ಕ ದೃಷ್ಟಾಂತವುಂಟು. ಅಶ್ವತ್ಥಾಮನೂ ಅರ್ಜುನನೂ ಮಹಾಸ್ತ್ರಗಳನ್ನು ಬಿಟ್ಟಾಗ ವ್ಯಾಸ ನಾರದರು ನಡುವೆ ಬಂದು ತಡೆದರು. ಅರ್ಜುನನು ತನ್ನ ಅಸ್ತ್ರವನ್ನು ಹಿಂದಕ್ಕೆ ತೆಗೆದುಕೊಂಡನು. ಅಶ್ವತ್ಥಾಮನಿಗೆ ಅದು ಸಾಧ್ಯವಾಗಲಿಲ್ಲ. ಅದು ಹೋಗಿ ತಗಲಿದ್ದು ಉತ್ತರೆಯ ಗರ್ಭದಲ್ಲಿದ್ದ ಶಿಶುವಿಗೆ. ಮಗನ ಚಾಪಲ್ಯವನ್ನು ಅರಿತಿದ್ದ ದ್ರೋಣನು, ಮನುಷ್ಯರ ಮೇಲೆ ಪ್ರಯೋಗಿಸಬೇಡವೆಂದು ಬುದ್ಧಿ ಹೇಳಿ ಅಸ್ತ್ರವನ್ನು ಕೊಟ್ಟಿದ್ದನು. ಬುದ್ಧಿವಾದವು ಸಾಲದೆ ಹೋಯಿತು. ಬಿಟ್ಟವನ ದೋಷವು ಇದರಿಂದ ಕಡಿಮೆಯಾಗುವುದಿಲ್ಲ. ಆದರೆ ಅರಿತು ಅರಿತು ಕೊಟ್ಟವನಿಗೆ ಅದರಲ್ಲಿ ಪಾಲಿಲ್ಲವೆಂದು ಹೇಳುವುದಕ್ಕೂ ಆಗುವುದಿಲ್ಲ.

ಹವಾಯಿಯ ಪಾಠವನ್ನು ಲೋಕವೆಲ್ಲ ಕಲಿಯಿತೆಂದು ತಿಳಿಯುವಂತಿಲ್ಲ. ಎರಡು ವರ್ಷಗಳ ಬಳಿಕ, 2020ರ ಜನವರಿ 12ರಂದು, ಕೆನಡಾದ ಆಂಟೇರಿಯೊ ಪ್ರಾಂತದಲ್ಲಿ ಪಿಕರಿಂಗ್ ಅಣುವಿದ್ಯುತ್ ಸ್ಥಾವರದ ವಿಷಯವಾಗಿ ಇಂತಹುದೇ ಸುಳ್ಳು ಎಚ್ಚರಿಕೆಯು ಹೊರಟಿತು. ಅಭ್ಯಾಸದ ವ್ಯವಸ್ಥೆಯಲ್ಲಿದ್ದೇನೆಂದು ಭಾವಿಸಿದ್ದ ಅಧಿಕಾರಿಯು ನಿಜವಾದ ವ್ಯವಸ್ಥೆಯಲ್ಲಿಯೇ ಇದ್ದನು. ಅಲ್ಲಿ ಫೋನುಗಳಿಗೆ ತಿದ್ದುಪಡಿಯು ಬರುವುದಕ್ಕೆ ಒಂದೂವರೆ ಗಂಟೆಗಿಂತಲೂ ಹೆಚ್ಚು ಹೊತ್ತು ಹಿಡಿಯಿತು.

ಇಲ್ಲಿ ಒಂದು ಆಕ್ಷೇಪವನ್ನು ಕಡೆಗಣಿಸಕೂಡದು. ಹೆಜ್ಜೆ ಹೆಜ್ಜೆಗೂ ಬಾಗಿಲುಗಳನ್ನಿಟ್ಟು ಬೀಗ ಹಾಕಿದರೆ, ನಿಜವಾಗಿ ಪ್ರವಾಹವು ನುಗ್ಗುವ ದಿವಸ ಬೀಗದ ಕೈಯನ್ನು ಹುಡುಕುವುದರೊಳಗಾಗಿ ಊರು ಮುಳುಗಬಹುದು. ಆಕ್ಷೇಪವು ಸತ್ಯವಾದುದು. ಆದುದರಿಂದ ತಡೆಯು ಎಲ್ಲ ಕಡೆಯಲ್ಲಿಯೂ ಸಮನಾಗಿರದೆ, ಅವಸರಕ್ಕೂ ಹಾನಿಗೂ ತಕ್ಕಂತೆ ಇರತಕ್ಕದ್ದು. ಪ್ರಾಣಾಪಾಯದ ಎಚ್ಚರಿಕೆಗೆ ಬೇಕಾದದ್ದು ಮೊದಲೇ ಬರೆದಿಟ್ಟ ಮಾತು, ಜೊತೆಯಲ್ಲಿ ಸಿದ್ಧನಾಗಿ ಕುಳಿತ ಇನ್ನೊಬ್ಬನು, ಪಕ್ಕದಲ್ಲಿಯೇ ಬರೆದಿಟ್ಟ ತಿದ್ದುಪಡಿ. ಅಭ್ಯಾಸದ ಮಾತಾದರೋ ತಾನು ಅಭ್ಯಾಸವೆಂಬುದನ್ನು ತಾನೇ ಹೇಳಿಕೊಳ್ಳಬೇಕು. 2023ರಲ್ಲಿ ಭಾರತದ ದೂರಸಂಪರ್ಕ ಇಲಾಖೆಯು ಕರ್ನಾಟಕದಲ್ಲಿಯೂ ಇತರ ರಾಜ್ಯಗಳಲ್ಲಿಯೂ ಇಂತಹ ಎಚ್ಚರಿಕೆಯನ್ನು ಪರೀಕ್ಷಿಸಿದಾಗ, ಇದು ಪರೀಕ್ಷೆ, ಏನನ್ನೂ ಮಾಡಬೇಕಾಗಿಲ್ಲ ಎಂಬುದು ಆ ಸಂದೇಶದಲ್ಲಿಯೇ ಬರೆದಿತ್ತು. ಫೋನು ಬೊಬ್ಬಿಟ್ಟಿತು; ಓದಿದವರು ಸಮಾಧಾನಗೊಂಡರು.

ಇನ್ನು ವ್ಯಾಪಾರಿಯ ಸಂದೇಶದಿಂದ ಯಾರ ಪ್ರಾಣವೂ ಹೋಗುವುದಿಲ್ಲವೆಂಬುದು ನಿಜ. ಆದರೆ ನಡುರಾತ್ರಿಯಲ್ಲಿ ರೋಗಿಯ ತಲೆದೆಸೆಯಲ್ಲಿ ಮೊಳಗುವ ರಿಯಾಯಿತಿಯ ಕೂಗು, ಪರೀಕ್ಷೆಗೆಂದು ಬರೆದು ಲಕ್ಷ ಜನಕ್ಕೆ ಹೋದ ಅರ್ಥವಿಲ್ಲದ ಸಾಲು, ಇವುಗಳಿಂದ ಜನರ ನಂಬಿಕೆಯು ಸ್ವಲ್ಪ ಸ್ವಲ್ಪವಾಗಿ ಸವೆಯುತ್ತದೆ. ಬೇಸತ್ತವನು ಎಲ್ಲ ಸದ್ದನ್ನೂ ಅಡಗಿಸಿಬಿಡುತ್ತಾನೆ; ಆಗ ಬ್ಯಾಂಕಿನ ಆ್ಯಪು ಕಳುಹಿಸಿದ ಮೋಸದ ಎಚ್ಚರಿಕೆಯೂ ಅವನಿಗೆ ಕೇಳಿಸದೆ ಹೋಗುತ್ತದೆ. ಸಂದೇಶ ಕಳುಹಿಸುವುದಕ್ಕೆ ಮೊದಲು ಆ್ಯಪು ಫೋನಿನ ಒಡೆಯನ ಅಪ್ಪಣೆಯನ್ನು ಕೇಳತಕ್ಕದ್ದೆಂಬ ನಿಯಮವನ್ನು ಗೂಗಲ್ ಕಂಪನಿಯು 2022ರ ಆಂಡ್ರಾಯ್ಡ್ 13ರಲ್ಲಿ ತಂದುದು ಉಚಿತವೇ ಆಗಿದೆ. ಅಪ್ಪಣೆಯನ್ನು ಪಡೆದವನು ಅತಿಥಿ. ಅತಿಥಿಗೆ ಹೊತ್ತುಗೊತ್ತಿನ ಅರಿವಿರಬೇಕು.

ಆದಕಾರಣ ಪರದೆಯನ್ನು ರಚಿಸುವವನು ತಳವಾರನಿಗೆ ಕಾಣುತ್ತಿದ್ದ ಮುಖಗಳನ್ನು ತನ್ನ ನೌಕರನಿಗೂ ಕಾಣಿಸತಕ್ಕದ್ದು. ಎಲ್ಲರಿಗೂ ಎಂಬ ಒಂದು ಪದಕ್ಕೆ ಬದಲಾಗಿ, ಇಷ್ಟು ಸಾವಿರ ಜನರಿಗೆ ಎಂದು ಅಂಕಿಯಲ್ಲಿ ತೋರಿಸಲಿ. ಓದುವವನ ಊರಿನಲ್ಲಿ ಈಗ ಗಂಟೆ ಎಷ್ಟೆಂಬುದನ್ನು ತಿಳಿಸಲಿ. ಸಂದೇಶವು ಮೊದಲು ಕಳುಹಿಸುವವನ ಫೋನಿಗೇ ಬಂದು, ಅವನು ಅದನ್ನು ಓದುಗನಾಗಿ ಓದುವಂತಾಗಲಿ. ಒತ್ತಿದ ಮೇಲೆಯೂ ಕೆಲವು ಕ್ಷಣ ತಡೆದು ನಿಲ್ಲಿಸುವ ಅವಕಾಶವಿರಲಿ. ಇವು ಸಣ್ಣ ಉಪಾಯಗಳು; ಇವುಗಳಿಂದ ಒತ್ತಿದವನ ಹೊಣೆಯು ತೊಲಗುವುದಿಲ್ಲ. ಆದರೆ ಒತ್ತುವವನಿಗೆ ದೊರೆಯುವುದು ಕ್ಷಣಮಾತ್ರದ ಕಾಲ, ಅದೂ ಭಯದ ನಡುವೆ. ರಚಿಸುವವನಿಗೆ ತಿಂಗಳುಗಳ ಕಾಲವುಂಟು, ಮನಸ್ಸಿನ ಶಾಂತಿಯುಂಟು, ಹಿಂದೆ ನಡೆದುದರ ತಿಳಿವಳಿಕೆಯುಂಟು. ಯಾರಿಗೆ ಯೋಚಿಸುವ ವಿರಾಮವು ಹೆಚ್ಚಾಗಿ ದೊರೆತಿದೆಯೋ ಅವರ ಹೊಣೆಯೂ ಹೆಚ್ಚೆಂಬುದು ನ್ಯಾಯ.