ನಗೆಹಾಡು ಬರೆದವರ ಹೆಸರು

ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದ ಟಿ.ಪಿ. ಕೈಲಾಸಂ ‘ಕೋಳೀಕೆ ರಂಗ’ ಎಂಬ ನಗೆಹಾಡು ಕಟ್ಟಿದರು. ಅದೇ ಭೂವಿಜ್ಞಾನವನ್ನು ನಮ್ಮ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಮಾಡಿದ ಕೆ.ಎಸ್. ನಿಸಾರ್ ಅಹಮದ್ ‘ಕುರಿಗಳು ಸಾರ್ ಕುರಿಗಳು’ ಬರೆದರು. ಈ ಊರು ನಿಸಾರರನ್ನು ‘ನಿತ್ಯೋತ್ಸವ’ದ ಕವಿಯೆಂದು ಎದೆಗೊತ್ತಿಕೊಂಡಿದೆ, ಅದು ನ್ಯಾಯವೇ. ಆದರೆ ಆ ಕುರಿಗಳು ನಡೆದ ದೂರವೇನು ಕಡಿಮೆಯೆ? 2001ರಲ್ಲಿ ಅದೊಂದು ನಗೆಚಿತ್ರದ ಹೆಸರಾಯಿತು. ಉದಯ ಟಿ.ವಿ.ಯ ತಮಾಷೆ ಕಾರ್ಯಕ್ರಮದ ಹೆಸರೂ ಆಯಿತು. ಆ ಕಾರ್ಯಕ್ರಮದ ಪ್ರತಾಪ್ ಇವತ್ತಿಗೂ ‘ಕುರಿ ಪ್ರತಾಪ್’. ಅವರನ್ನು ‘ಮಜಾ ಟಾಕೀಸ್’ನಲ್ಲಿ ನೋಡಿ ನಕ್ಕ ಮಕ್ಕಳಿಗೆ ಆ ಅಡ್ಡಹೆಸರಿನ ಹಿಂದೆ ಸಹ್ಯಾದ್ರಿಯ ಮೇಷ್ಟರೊಬ್ಬರಿದ್ದಾರೆ ಎಂದು ಯಾರಾದರೂ ಹೇಳಬೇಕಿತ್ತು.

ನಗೆಹಾಡನ್ನು ನಾವು ಹಗುರವಾಗಿ ಕಾಣುತ್ತೇವೆ. ಬರೆಯುವುದು ಮಾತ್ರ ಬಲು ಕಷ್ಟ. ಭಾವಗೀತೆಯಲ್ಲಿ ಒಂದು ಪದ ಕಿವಿಗೆ ಬೀಳದಿದ್ದರೂ ರಾಗ ಕೈಹಿಡಿದು ನಡೆಸುತ್ತದೆ. ನಗೆಹಾಡಿನಲ್ಲಿ ಒಂದು ಪದ ತಪ್ಪಿತೋ, ನಗು ಸತ್ತಿತು. ಪ್ರತಿ ಅಕ್ಷರವೂ ಮೊದಲ ಸಲಕ್ಕೇ ಮುಟ್ಟಬೇಕು, ಚುಚ್ಚುವ ಮಾತು ತಾಳದ ಸರಿಯಾದ ಪೆಟ್ಟಿಗೇ ಬೀಳಬೇಕು. ‘ಕಾನ್‌ಸ್ಟಾಂಟಿನೋಪಲ್’ ಎಂಬ ಇಂಗ್ಲಿಷ್ ಹಾಡಿನಲ್ಲಿ ಆ ಊರ ಹೆಸರನ್ನು ಅಕ್ಷರ ಬಿಡಿಸಿ ಹಾಡುತ್ತಾರಲ್ಲ, ಕೈಲಾಸಂ ಅದೇ ಆಟವನ್ನು ನಮ್ಮ ಕಾಗುಣಿತಕ್ಕೆ ಒಗ್ಗಿಸಿ ರಂಗನ ಹೆಸರನ್ನು ಬಿಡಿಸಿದರು. ಒತ್ತು, ದೀರ್ಘ, ಸೊನ್ನೆಗಳ ಮೇಲೆ ಅಷ್ಟು ಹಿಡಿತವಿಲ್ಲದವನಿಗೆ ಅದು ಆಗುವ ಕೆಲಸವಲ್ಲ.

ಟಿ.ವಿ.ಯ ನಗೆಪ್ರಹಸನದಲ್ಲೂ ಈ ಕಸುಬಿಗೆ ಬೆಲೆ ಸಿಕ್ಕಿದ್ದುಂಟು. 1978ರಲ್ಲಿ ಅಮೆರಿಕದ ‘ಸ್ಯಾಟರ್ಡೇ ನೈಟ್ ಲೈವ್’ನಲ್ಲಿ ಹಾಸ್ಯನಟ ಸ್ಟೀವ್ ಮಾರ್ಟಿನ್ ಈಜಿಪ್ಟಿನ ದೊರೆಯ ವೇಷ ತೊಟ್ಟು ತಾನೇ ಬರೆದ ‘ಕಿಂಗ್ ಟಟ್’ ಹಾಡಿದ. ಟುಟಾಂಖಾಮುನ್ ಸಮಾಧಿಯ ಒಡವೆಗಳ ಪ್ರದರ್ಶನ ಆಗ ಅಮೆರಿಕದ ಊರೂರು ಸುತ್ತುತ್ತಿತ್ತು, ಅದರ ಬೆನ್ನಿಗೇ ವ್ಯಾಪಾರದ ಭರಾಟೆ. ಹಾಡು ಕುಟುಕಿದ್ದು ಆ ವ್ಯಾಪಾರವನ್ನು. ರೆಕಾರ್ಡು ಹತ್ತು ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು, ಬರೆದವನ ಹೆಸರೂ ಉಳಿಯಿತು.

ನಮ್ಮ ಕಾಮಿಡಿ ಷೋಗಳಲ್ಲಿ ಹಳೇ ಸಿನಿಮಾ ಹಾಡಿನ ಧಾಟಿಗೆ ಹೊಸ ಮಾತು ಕೂಡಿಸಿ ಹಾಡುವಾಗ ಮನೆಮಂದಿಯೆಲ್ಲ ಬಿದ್ದು ಬಿದ್ದು ನಗುತ್ತೇವೆ. ಹಾಡಿದ ನಟ ನೆನಪಿರುತ್ತಾನೆ, ಮೂಲ ಹಾಡೂ ನೆನಪಿರುತ್ತದೆ. ಆ ನಾಲ್ಕು ಸಾಲು ಹೊಸೆದ ಹುಡುಗ ಯಾರು, ಹುಡುಗಿ ಯಾರು? ನನಗೆ ನಿಜಕ್ಕೂ ಸಂಕಟವಾಗುವುದು ಇಲ್ಲಿ. ಭಾವಗೀತೆ ಹಾಡುವ ಮುನ್ನ ಕವಿಯ ಹೆಸರು ಹೇಳುವುದು ನಮ್ಮಲ್ಲಿ ಮರ್ಯಾದೆ. ಶಿವಮೊಗ್ಗ ಸುಬ್ಬಣ್ಣನವರ ‘ಕಾಡು ಕುದುರೆ’ ಎಂದರೆ ಕಂಬಾರರ ಹೆಸರೂ ಜೊತೆಗೇ ಬರುತ್ತದೆ. ನಗಿಸಿದವರಿಗೇಕೆ ಆ ಮರ್ಯಾದೆ ಇಲ್ಲ?

ನಗೆಗೆ ನಮ್ಮ ಜಿಲ್ಲೆ ಬಡವಲ್ಲ. ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುತ್ತ, ಅಲ್ಲಿನ ಹವ್ಯಾಸಿ ರಂಗಭೂಮಿಯಲ್ಲಿ ಪಳಗಿದ ದೊಡ್ಡಣ್ಣ ಮುಂದೆ ನಾಡನ್ನೇ ನಗಿಸಿದರು. ಅದೇ ಊರಲ್ಲಿ 1965ರಿಂದ ಆಕಾಶವಾಣಿ ಇದೆ. ವಾರಕ್ಕೊಮ್ಮೆ ಅರ್ಧ ಗಂಟೆ ಹೊಸ ನಗೆಹಾಡುಗಳಿಗೆ ಮೀಸಲಿಟ್ಟು, ಪ್ರತಿ ಹಾಡಿಗೂ ಮೊದಲು ಬರೆದವರ ಹೆಸರು ಹೇಳಲಿ. ಇಲ್ಲಿನ ಕಾಲೇಜುಗಳ ಭಾವಗೀತೆ ಸ್ಪರ್ಧೆಯ ಪಕ್ಕದಲ್ಲೇ ಸ್ವಂತ ನಗೆಹಾಡಿನದೂ ಒಂದು ಸ್ಪರ್ಧೆ ನಡೆಯಲಿ, ಸಹ್ಯಾದ್ರಿಯಿಂದಲೇ ಅದು ಶುರುವಾಗಲಿ.