ಮೊದಲು ಮುಡಿಪು, ಆಮೇಲೆ ಖರ್ಚು



ನಾನು ಪಂಡಿತನಲ್ಲ, ಪ್ರವಚನಕಾರನೂ ಅಲ್ಲ. ಪಿ.ಯು.ಸಿ. ತನಕ ಓದಿ, ಕಚೇರಿಯಲ್ಲಿ ರಸೀತಿ ಬರೆಯುತ್ತಾ ಐವತ್ತು ದಾಟಿದ ಒಬ್ಬ ಗುಮಾಸ್ತ. ಆದರೆ ಕೌಂಟರಿನ ಕಿಂಡಿಯಲ್ಲಿ ಕೂತವನಿಗೆ ಜನರ ಮುಖ ಓದುವ ಅಭ್ಯಾಸ ತಾನಾಗಿಯೇ ಬರುತ್ತದೆ. ಈಚೀಚೆಗೆ ನನಗೆ ಬಹಳ ಕಾಣುತ್ತಿರುವುದು ಒಂದು ತರಹದ ದಣಿವು. ನಡೆದು ಬಂದವರ ದಣಿವಲ್ಲ. ಅದು ಒಂದು ಸ್ನಾನ, ಒಂದು ರಾತ್ರಿ ನಿದ್ದೆಗೆ ಹೋಗುತ್ತದೆ. ಇದು ಕಾರಿನಿಂದ ಇಳಿದವರ ಮುಖದಲ್ಲೂ ಇರುವ, ಮಲಗಿ ಎದ್ದರೂ ಹೋಗದ ದಣಿವು. ದೇವರ ಮುಂದೆ ನಿಂತಿರುತ್ತಾರೆ, ಕೈ ಮುಗಿಯಲೂ ಮನಸ್ಸಿನಲ್ಲಿ ತ್ರಾಣ ಇರುವುದಿಲ್ಲ. ಇದರ ವಿಷಯವಾಗಿ ಎರಡು ಮಾತು ಬರೆಯೋಣ ಅನ್ನಿಸಿತು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹಳ್ಳಿ ಕಡೆ ಹಿರಿಯರು ಹರಕೆ ಹೊತ್ತರೆ ಏನು ಮಾಡುತ್ತಾರೆ? ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿ ದೇವರ ಗೂಡಿನಲ್ಲಿ ಇಡುತ್ತಾರೆ. ಅದು ಮುಡಿಪು. ಮನೆಯಲ್ಲಿ ಉಪ್ಪಿಗೆ ಕಾಸಿಲ್ಲದಿದ್ದರೂ ಆ ಗಂಟಿಗೆ ಕೈ ಹಾಕುವುದಿಲ್ಲ. ಎಲ್ಲಾ ಖರ್ಚು ಮಾಡಿ, ಉಳಿದರೆ ಮುಡಿಪು ಕಟ್ಟೋಣ ಅನ್ನುವವರು ಉಂಟೇ? ಇಲ್ಲ. ಮೊದಲು ಮುಡಿಪು, ಆಮೇಲೆ ಖರ್ಚು. ಕಾಸಿನ ವಿಷಯದಲ್ಲಿ ನಮಗೆ ಈ ಬುದ್ಧಿ ಇದೆ. ಆದರೆ ಸ್ವಾಮಿ ಕೊಟ್ಟ ಮೈಯ ಶಕ್ತಿ, ಮನಸ್ಸಿನ ತಾಳ್ಮೆ, ಇವುಗಳ ವಿಷಯದಲ್ಲಿ ನಾವು ಬೆಳಿಗ್ಗೆಯಿಂದ ಕಂಡಕಂಡಲ್ಲಿ ಖರ್ಚು ಮಾಡಿ, ಸಾಯಂಕಾಲ ಬರಿಗೈಯಲ್ಲಿ ಮನೆಗೆ ಹೋಗುತ್ತೇವೆ. ಯಾವುದು ಮುಖ್ಯವೋ ಅದಕ್ಕೆ ಸಿಗುವುದು ನಮ್ಮ ಎಂಜಲು ಶಕ್ತಿ.

ಬೇರೆಯವರ ಮಾತು ಯಾಕೆ, ನನ್ನದೇ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಅಮಾವಾಸ್ಯೆ. ಜನವೋ ಜನ. ಬೆಳಿಗ್ಗೆಯಿಂದ ನಾನು ಒಬ್ಬರ ಹತ್ತಿರ ಚಿಲ್ಲರೆಗೆ ಜಗಳ ಆಡಿದ್ದೆ, ಇನ್ನೊಬ್ಬರ ಹತ್ತಿರ ಸಾಲಿನ ವಿಷಯಕ್ಕೆ ಕೂಗಾಡಿದ್ದೆ. ಮಧ್ಯೆ ಟೀ ಕುಡಿಯಲು ಹೋದವನು, ಅಲ್ಲಿ ಇಲ್ಲದವರ ವಿಚಾರವನ್ನು ಅರ್ಧ ಗಂಟೆ ಆಡಿಕೊಂಡು ಬಂದಿದ್ದೆ. ಮಧ್ಯಾಹ್ನದ ಹೊತ್ತಿಗೆ ಒಬ್ಬರು ಅಜ್ಜಿ ಕಿಂಡಿ ಹತ್ತಿರ ಬಂದು ಹುಲಿವಾಹನ ಸೇವೆ ಎಷ್ಟು ಹೊತ್ತಿಗೆ ಅಂತ ಮೂರು ಸಲ ಕೇಳಿದರು. “ಎಷ್ಟು ಸಲ ಹೇಳಬೇಕಮ್ಮಾ, ಕಿವಿ ಕೇಳಲ್ವಾ?” ಅಂತ ಗದರಿಬಿಟ್ಟೆ. ಆಯಮ್ಮ ಕೋಪ ಮಾಡಿಕೊಳ್ಳಲಿಲ್ಲ. “ನಿನ್ಗ ಸುಸ್ತಾಗದ ಕನಪ್ಪ. ಮೊದ್ಲು ಒಂದ್ ಗುಟುಕು ನೀರು ಕುಡಿ, ನಾನು ನಿಂತ್ಕತೀನಿ” ಅಂದರು.

ನನಗೆ ನಾಚಿಕೆಯಾಯಿತು. ನೀರು ಕುಡಿದು, ಸಮಾಧಾನವಾಗಿ ಸಮಯ ಹೇಳಿ, “ಎಲ್ಲಿಂದ ಬಂದ್ರಿ ಅಜ್ಜಿ?” ಅಂತ ಕೇಳಿದೆ. ತಾಳಬೆಟ್ಟದಿಂದ ನಡೆದೇ ಬಂದಿದ್ದರು. ಸುಮಾರು 18 ಕಿಲೋಮೀಟರ್ ಕಾಡುದಾರಿ, ಏರು ಬೇರೆ. ನನಗೆ ಆಶ್ಚರ್ಯ. ಈ ವಯಸ್ಸಿನಲ್ಲಿ ಹೇಗೆ ಅಂದದ್ದಕ್ಕೆ ಆಯಮ್ಮ ಹೇಳಿದರು: “ಹತ್ತುವಾಗ ಬ್ಯಾರೆ ಮಾತಾಡದಿಲ್ಲ ಮಗ. ಮಾತ್ಗ ಹೋದ ಉಸ್ರು ಕಾಲ್ಗ ಸಿಕ್ಕದಿಲ್ಲ. ಅಪ್ಪನ ಮುಂದ ನಿಂತು ಮಾದಪ್ಪಾ ಅನ್ನಕ ಒಸಿ ಉಸ್ರು ಉಳ್ಸ್ಕೊಂಡೇ ಬರದು.”

ಯಾವ ಶಾಸ್ತ್ರ ಓದಿದ್ದರೂ ನನಗೆ ಇಷ್ಟು ತಾಗುತ್ತಿರಲಿಲ್ಲ. ಆಯಮ್ಮ ಉಸಿರಿಗೆ ಮುಡಿಪು ಕಟ್ಟಿದ್ದರು. ನಾನು ಕಟ್ಟಿರಲಿಲ್ಲ. ಆ ದಿನಗಳಲ್ಲಿ ನಾನು ಮನೆಗೆ ಹೋದರೆ ಹೆಂಡತಿ ಒಂದು ಮಾತು ಕೇಳಿದರೂ ಸಿಡುಕುತ್ತಿದ್ದೆ. ಎಸ್.ಎಸ್.ಎಲ್.ಸಿ. ಓದುತ್ತಿದ್ದ ಮಗ ಪುಸ್ತಕ ಹಿಡಿದು ಬಂದರೆ “ನಾಳೆ ನೋಡೋಣ ಹೋಗೋ” ಅನ್ನುತ್ತಿದ್ದೆ. ಆ ನಾಳೆ ಬರಲೇ ಇಲ್ಲ. ಕಡೆಗೆ ಅವನು ಕೇಳುವುದನ್ನೇ ಬಿಟ್ಟಿದ್ದ. ನಾನು ಚಪ್ಪಲಿ ಬಿಡುವ ಸದ್ದು ಕೇಳಿದರೆ ಎದ್ದು ಒಳಗೆ ಹೋಗುತ್ತಿದ್ದ. ಯಾರಿಗಾಗಿ ದುಡಿಯುತ್ತೇನೆ ಅಂದುಕೊಂಡಿದ್ದೆನೋ ಅವರಿಗೇ ನಾನು ಇರಲಿಲ್ಲ.

ಭಕ್ತರೇ, ನಮ್ಮ ಅಪ್ಪನ ವಾಹನ ಹುಲಿ. ಹುಲಿಯಷ್ಟು ಬಲ ಇನ್ಯಾವುದಕ್ಕಿದೆ? ಆದರೂ ಹುಲಿ ದಿನವೆಲ್ಲಾ ಓಡಾಡುವ ಪ್ರಾಣಿಯಲ್ಲ. ಕಂಡ ಜಿಂಕೆಯ ಹಿಂದೆಲ್ಲಾ ಬೀಳುವುದಿಲ್ಲ. ಬಿಸಿಲಿನಲ್ಲಿ ನೆರಳು ನೋಡಿ ಮಲಗುತ್ತದೆ. ಹೊಂಚು ಹಾಕಿ, ಹತ್ತಿರ ಬರುವ ತನಕ ಕಾದು, ಆಮೇಲೆ ಒಂದೇ ನೆಗೆತ. ಗುರಿ ತಪ್ಪಿದರೆ ಬಹಳ ದೂರ ಬೆನ್ನಟ್ಟುವುದೂ ಇಲ್ಲ, ಸುಮ್ಮನಾಗುತ್ತದೆ. ಬಲ ಇದ್ದವನು ಬಲವನ್ನು ಎಲ್ಲಾ ಕಡೆ ತೋರಿಸಬೇಕಾಗಿಲ್ಲ ಎಂಬುದನ್ನು ಹುಲಿ ನೋಡಿ ಕಲಿಯಬೇಕು. ಹುಲಿವಾಹನ ಎಳೆಯುವಾಗ ಈ ಮಾತನ್ನೂ ಸ್ವಲ್ಪ ನೆನೆಯಿರಿ.

ಇನ್ನು ದೀಪಾವಳಿ ಜಾತ್ರೆಗೆ ಬಂದವರು ಹಾಲರವಿ ಉತ್ಸವ ನೋಡಿರುತ್ತೀರಿ. ಬೇಡಗಂಪಣ ಸಮುದಾಯದ 101 ಹೆಣ್ಣುಮಕ್ಕಳು ಉಪವಾಸವಿದ್ದು, ಹಾಲರವಿ ಹಳ್ಳದ ನೀರನ್ನು ತಲೆಯ ಮೇಲೆ ಹೊತ್ತು ಕಾಡುದಾರಿಯಲ್ಲಿ ತರುತ್ತಾರೆ. ಆ ನೀರು ಸ್ವಾಮಿಯ ಅಭಿಷೇಕಕ್ಕೆ ಮೀಸಲು. ದಾರಿಯಲ್ಲಿ ಕುಣಿದು, ಕುಪ್ಪಳಿಸಿ, ಅಲ್ಲಿ ಇಲ್ಲಿ ಚೆಲ್ಲಿಕೊಂಡು ಬಂದರೆ ಅಭಿಷೇಕಕ್ಕೆ ಏನು ಉಳಿಯುತ್ತದೆ? ನಮ್ಮ ಬಾಳೂ ಹಾಗೆಯೇ. ಬೆಳಿಗ್ಗೆ ಎದ್ದಾಗ ಸ್ವಾಮಿ ಒಂದು ಕೊಡ ತುಂಬಿ ತಲೆ ಮೇಲೆ ಇಟ್ಟಿರುತ್ತಾನೆ. ಎಲ್ಲಿ ಸುರಿಯಬೇಕು ಅನ್ನುವುದು ನಮಗೆ ಗೊತ್ತಿರಬೇಕು.

“ಹಾಗಾದರೆ ದಾರಿಯಲ್ಲಿ ಬಾಯಾರಿದವನಿಗೆ ನೀರು ಕೊಡಬಾರದೇ, ಇದು ಸ್ವಾರ್ಥ ಅಲ್ಲವೇ?” ಅಂತ ಕೆಲವರು ಕೇಳಬಹುದು. ಕೊಡಲೇಬೇಕು ಸ್ವಾಮಿ. ಕಷ್ಟದಲ್ಲಿ ಇರುವವನಿಗೆ ಕೊಟ್ಟದ್ದೂ ಅಭಿಷೇಕವೇ. ನಾನು ಹೇಳುತ್ತಿರುವುದು ಕೊಟ್ಟ ನೀರಿನ ವಿಷಯ ಅಲ್ಲ, ಸೋರಿಹೋದ ನೀರಿನ ವಿಷಯ. ಗೆಲ್ಲಲೇಬೇಕು ಅಂತ ಆಡುವ ವಾದ, ಮಲಗುವ ಹೊತ್ತಿನಲ್ಲೂ ಬಿಡದ ಮೊಬೈಲು, ನೆಂಟರ ಮನೆಯ ಮದುವೆಗಿಂತ ನಮ್ಮದು ಜೋರಾಗಬೇಕು ಅನ್ನುವ ಪೈಪೋಟಿ, ಆಗಿಹೋದ ಅವಮಾನವನ್ನು ನೂರು ಸಲ ಮನಸ್ಸಿನಲ್ಲಿ ಮೆಲುಕು ಹಾಕುವುದು. ಇವೆಲ್ಲ ಕೊಡದ ತೂತುಗಳು. ಇದರಿಂದ ಯಾರ ದಾಹವೂ ತೀರಲಿಲ್ಲ, ನಮ್ಮ ಕೊಡ ಮಾತ್ರ ಖಾಲಿ.

ಹನ್ನೆರಡನೇ ಶತಮಾನದ ಶರಣ ಆಯ್ದಕ್ಕಿ ಮಾರಯ್ಯನವರ ಕಥೆ ತಮಗೆ ತಿಳಿದಿದೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಅವರ ಹೆಂಡತಿ ಲಕ್ಕಮ್ಮನವರು ಸಂತೋಷಪಡಲಿಲ್ಲ. ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಅಂದರು. ಕಾಯಕವೇ ಕೈಲಾಸ ಅಂತ ಬೋರ್ಡು ಬರೆಸಿ ಹಗಲು ರಾತ್ರಿ ಓಡುವ ನಾವು ಲಕ್ಕಮ್ಮನವರ ಈ ಮಾತನ್ನು ಮರೆತಿದ್ದೇವೆ. ಕಾಯಕ ಬೇರೆ, ಆಸೆಯ ಓಟ ಬೇರೆ. ಭಗವದ್ಗೀತೆಯ ಆರನೇ ಅಧ್ಯಾಯದಲ್ಲೂ ಶ್ರೀಕೃಷ್ಣ ಪರಮಾತ್ಮ ಹೇಳುವುದು ಅದೇ: ಅತಿಯಾಗಿ ಉಣ್ಣುವವನಿಗೂ ಯೋಗವಿಲ್ಲ, ಉಣ್ಣದೇ ಇರುವವನಿಗೂ ಇಲ್ಲ, ಅತಿ ನಿದ್ದೆಯವನಿಗೂ ಇಲ್ಲ, ನಿದ್ದೆಗೆಟ್ಟವನಿಗೂ ಇಲ್ಲ.

ಕೆಲಸದ ಒತ್ತಡದಿಂದ ಮನುಷ್ಯ ಬರಿದಾಗುವ ಈ ಸ್ಥಿತಿಯನ್ನು 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ತನ್ನ ಪಟ್ಟಿಯಲ್ಲಿ ವಿವರಿಸಿದೆ. ಆದ್ದರಿಂದ ಇದು ಸೋಮಾರಿಗಳ ನೆಪ ಅಂತ ತಳ್ಳಿಹಾಕಬೇಡಿ. ಬಹಳ ದಿನದಿಂದ ನಿದ್ದೆ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಸಂಕೋಚ ಬಿಟ್ಟು ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಹರಕೆ ಹೊರಿ, ಔಷಧಿಯನ್ನೂ ತೆಗೆದುಕೊಳ್ಳಿ. ಅಪ್ಪ ಯಾವುದನ್ನೂ ಬೇಡ ಅನ್ನುವುದಿಲ್ಲ.

ಆ ಅಜ್ಜಿ ಹೋದ ಮೇಲೆ ನಾನು ಮೂರು ನಿಯಮ ಮಾಡಿಕೊಂಡೆ. ಒಂದು, ಕೌಂಟರಿನಲ್ಲಿ ಕೇಳಿದ್ದಕ್ಕೆ ಉತ್ತರ, ಜಗಳಕ್ಕೆ ಉತ್ತರ ಇಲ್ಲ. ಎರಡು, ಟೀ ಕುಡಿಯುವಾಗ ಟೀ ಮಾತ್ರ. ಮೂರು, ಸಾಯಂಕಾಲ ಮನೆ ಬಾಗಿಲಿಗೆ ಹೋದ ಕೂಡಲೇ ಒಳಗೆ ನುಗ್ಗದೆ, ಜಗಲಿ ಮೇಲೆ ಹತ್ತು ನಿಮಿಷ ಸುಮ್ಮನೆ ಕೂತು ಸ್ವಾಮಿಯನ್ನು ನೆನೆದು ಒಳಗೆ ಹೋಗುವುದು. ಎಲ್ಲಾ ದಿನವೂ ಪಾಲಿಸಿದೆ ಅಂತ ಸುಳ್ಳು ಹೇಳುವುದಿಲ್ಲ. ಜಾತ್ರೆ ದಿನಗಳಲ್ಲಿ ಈಗಲೂ ತಪ್ಪುತ್ತದೆ. ಆದರೆ ಎರಡು ತಿಂಗಳು ಕಳೆದ ಮೇಲೆ ಒಂದು ಸಂಜೆ, ನಾನು ಜಗಲಿ ಮೇಲೆ ಕೂತಿದ್ದಾಗ ಮಗ ಬಂದು ಲೆಕ್ಕದ ಪುಸ್ತಕ ಹಿಡಿದು ಪಕ್ಕದಲ್ಲಿ ಕೂತ. ನನಗೆ ಆ ಲೆಕ್ಕ ಬರಲಿಲ್ಲ. ಆದರೂ ಇಬ್ಬರೂ ದೀಪ ಹಚ್ಚುವ ತನಕ ಅಲ್ಲೇ ಕೂತಿದ್ದೆವು.

ಭಕ್ತರೇ, ತಾವು ಸನ್ನಿಧಿಯಲ್ಲಿ ನಿಂತಾಗ ಹುಂಡಿಗೆ ಕಾಣಿಕೆ ಹಾಕುವ ಮುಂಚೆ ಕಣ್ಣು ಮುಚ್ಚಿ ಒಂದು ಪ್ರಶ್ನೆ ಕೇಳಿಕೊಳ್ಳಿ: ನನ್ನ ಶಕ್ತಿ ನಿಜವಾಗಿ ಸೇರಬೇಕಾದ್ದು ಎಲ್ಲಿಗೆ? ವಯಸ್ಸಾದ ತಾಯಿಗೋ, ಮಕ್ಕಳಿಗೋ, ಹೊಲಕ್ಕೋ, ಹಿಡಿದ ಕೆಲಸಕ್ಕೋ, ದೇವರ ಧ್ಯಾನಕ್ಕೋ? ಅದರ ಹೆಸರಿನಲ್ಲಿ ಮನಸ್ಸಿನಲ್ಲೇ ಒಂದು ಗಂಟು ಕಟ್ಟಿಕೊಂಡು ಬೆಟ್ಟ ಇಳಿಯಿರಿ. ಮಿಕ್ಕ ಖರ್ಚೆಲ್ಲಾ ಆಮೇಲೆ. ಸ್ವಾಮಿಯು ತಮ್ಮೆಲ್ಲರಿಗೂ ಆಯುರಾರೋಗ್ಯ, ತಾಳ್ಮೆ, ನೆಮ್ಮದಿಯನ್ನು ಕರುಣಿಸಲಿ. ಸುಖವಾಗಿ ಊರು ಸೇರಿ, ಮತ್ತೆ ಬನ್ನಿ.

ಉಘೇ ಉಘೇ ಮಾದಪ್ಪ!