ಸೇರಲೊಲ್ಲದವರನ್ನು ಕಾಣುವ ಬಗೆ

ಅನೇಕ ದೇವತೆಗಳನ್ನು ಪೂಜಿಸುವವರು ಉದಾರಿಗಳು, ಒಬ್ಬನೇ ದೇವರೆನ್ನುವವರು ಅಸಹಿಷ್ಣುಗಳು ಎಂಬ ಮಾತು ನಮ್ಮ ಗೋಷ್ಠಿಗಳಲ್ಲಿ ಆಗಾಗ ಕೇಳಿಬರುತ್ತದೆ. ಕಿವಿಗೆ ಹಿತವಾದ ಈ ಮಾತು ವಿಚಾರದ ಮುಂದೆ ನಿಲ್ಲುವುದೇ ಎಂಬುದನ್ನು ನೋಡೋಣ.

ಪ್ರಾಚೀನ ರೋಮನರು ಬಹುದೇವತಾರಾಧಕರು. ಕ್ರಿ.ಪೂ. 396ರಲ್ಲಿ ವೇಯಿ ಎಂಬ ಶತ್ರುನಗರವನ್ನು ಗೆಲ್ಲುವಾಗ ಅಲ್ಲಿಯ ಅಧಿದೇವತೆಯಾದ ಜೂನೋ ದೇವಿಯನ್ನು ತಮ್ಮ ಊರಿಗೆ ಬರುವಂತೆ ಅವರು ಪ್ರಾರ್ಥಿಸಿದರೆಂದು ಇತಿಹಾಸಕಾರನಾದ ಲಿವಿಯು ಬರೆದಿದ್ದಾನೆ. ದೇವಿಗೆ ರೋಮಿನಲ್ಲಿ ಗುಡಿ ದೊರೆಯಿತು. ಅವಳನ್ನು ಪೂಜಿಸುತ್ತಿದ್ದ ಜನರನ್ನು ಗುಲಾಮರನ್ನಾಗಿ ಮಾರಲಾಯಿತು. ಮುಂದೆ ಕ್ರಿ.ಶ. 250ರ ಸುಮಾರಿಗೆ ಡೆಸಿಯಸ್ ಚಕ್ರವರ್ತಿಯು ಪ್ರಜೆಗಳು ದೇವತೆಗಳಿಗೆ ಬಲಿಯರ್ಪಿಸಬೇಕೆಂದು ಆಜ್ಞಾಪಿಸಿದಾಗ, ಒಪ್ಪದ ಕ್ರೈಸ್ತರು ಸೆರೆಮನೆಯನ್ನೂ ಮರಣವನ್ನೂ ಕಂಡರು.

ಏಕದೇವೋಪಾಸಕರ ಚರಿತ್ರೆಯೂ ಒಂದೇ ಬಣ್ಣದ್ದಲ್ಲ. ಯೆಹೂದ್ಯರ ಧರ್ಮಗ್ರಂಥವು ಕಾನಾನಿನ ಜನರನ್ನು ನಿರ್ಮೂಲಗೊಳಿಸಬೇಕೆಂದು ವಿಧಿಸುತ್ತದೆ. ತಾವು ಈಜಿಪ್ತಿನಲ್ಲಿ ಪರದೇಶಿಗಳಾಗಿದ್ದುದನ್ನು ನೆನೆದು ಪರದೇಶಿಯನ್ನು ಪ್ರೀತಿಸಬೇಕೆಂದು ವಿಧಿಸುವುದೂ ಅದೇ ಗ್ರಂಥ. ಯೇಸುವು ಶತ್ರುವನ್ನೂ ಪ್ರೀತಿಸಲು ಬೋಧಿಸಿದನು. ಆತನ ಅನುಯಾಯಿಯಾದ ಥಿಯೊಡೋಸಿಯಸ್ ಚಕ್ರವರ್ತಿಯು 392ರಲ್ಲಿ ಹಳೆಯ ದೇವತೆಗಳ ಪೂಜೆಯನ್ನೇ ನಿಷೇಧಿಸಿದನು.

ದೇವರ ಸಂಖ್ಯೆಯಿಂದ ಈ ಪ್ರಶ್ನೆ ಬಗೆಹರಿಯದೆಂಬುದು ಇದರಿಂದ ಸ್ಪಷ್ಟ. ನಮ್ಮೊಡನೆ ಸೇರುವವನನ್ನು ಆದರಿಸುವುದು ಸುಲಭ. ಸೇರಲೊಲ್ಲದವನನ್ನು ಹೇಗೆ ನಡೆಸಿಕೊಳ್ಳುತ್ತೇವೆ ಎಂಬಲ್ಲಿಯೇ ಧರ್ಮದ ಪರೀಕ್ಷೆಯಿದೆ.

ಶ್ರೀಹರಿಯೊಬ್ಬನೇ ಸರ್ವೋತ್ತಮನೆನ್ನುವ ನಾವು ತಾರತಮ್ಯಾನುಸಾರವಾಗಿ ಇತರ ದೇವತೆಗಳನ್ನೂ ಪೂಜಿಸುವವರು. ಆದ್ದರಿಂದ ಎರಡು ಪಕ್ಷಗಳ ದೋಷಗಳೂ ನಮಗೆ ಎಚ್ಚರಿಕೆಯಾಗಬೇಕು. ಸುಮಧ್ವವಿಜಯದ ಒಂದು ಪ್ರಸಂಗವನ್ನು ಇಲ್ಲಿ ಸ್ಮರಿಸಬಹುದು. ರಾಜವೈರದ ಕಾರಣ ಗಂಗೆಯಲ್ಲಿ ದೋಣಿಗಳಿರಲಿಲ್ಲ. ಆದರೂ ಶ್ರೀಮದಾಚಾರ್ಯರು ಶಿಷ್ಯರೊಡನೆ ನದಿಯನ್ನು ದಾಟಿ, ತುರುಷ್ಕ ರಾಜನೊಡನೆ ಅವನ ಭಾಷೆಯಲ್ಲಿಯೇ ಮಾತನಾಡಿದರು. ಬೆರಗಾದ ರಾಜನು ಅರ್ಧರಾಜ್ಯವನ್ನೇ ಅರ್ಪಿಸಲು ಮುಂದಾದನು. ಸಿದ್ಧಾಂತದಲ್ಲಿ ಎಳ್ಳಷ್ಟೂ ಸಡಿಲವಿಲ್ಲದ ಆ ಮಹಾನುಭಾವರು ಪರರ ಭಾಷೆಯನ್ನು ದೂರವಿಡಲಿಲ್ಲ.

ಮುಂಬಯಿ, ಪುಣೆ, ದೆಹಲಿಗಳಲ್ಲಿ ನೆಲೆಸಿದ ನಾವೂ ಒಂದು ಕಾಲಕ್ಕೆ ಪರರಾಗಿಯೇ ಬಂದವರು. ಬಾಡಿಗೆ ಮನೆ ಕೇಳಲು ಹೋದಾಗ ಊರು, ಭಾಷೆ, ಜಾತಿಗಳ ಪ್ರಶ್ನೆಗಳಿಗೆ ಉತ್ತರಿಸಿ ಬರಿಗೈಯಲ್ಲಿ ಮರಳಿದ ಹಿರಿಯರು ನಮ್ಮಲ್ಲಿದ್ದಾರೆ. ಇಂದು ಸ್ವಂತ ಮನೆಯುಳ್ಳ ನಾವು ಬಾಗಿಲಿಗೆ ಬಂದವನನ್ನು ಅದೇ ಪ್ರಶ್ನೆಗಳಿಂದ ಹಿಂದಿರುಗಿಸುತ್ತಿಲ್ಲವೇ? ಅವನ ಹೃದಯದಲ್ಲಿಯೂ ಬಿಂಬರೂಪಿಯಾದ ಶ್ರೀಹರಿಯೇ ಇದ್ದಾನೆಂದು ಪೂಜೆಯ ವೇಳೆ ಅನುಸಂಧಾನ ಮಾಡುವ ನಾವು, ಹೊಸ್ತಿಲ ಬಳಿ ಅದನ್ನು ಮರೆಯದಿರೋಣ.

ಶ್ರೀಕೃಷ್ಣಾರ್ಪಣಮಸ್ತು.